ಅವನಾಗಿ ಕೇಳುವುದಿಲ್ಲ, ನೀವೇ ಕೇಳಿ

ಜುಲೈನ ಒಂದು ಭಾನುವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಅಕ್ಕನ ಫೋನ್ ಬಂತು. ದಾವಣಗೆರೆಯಲ್ಲಿ ಆಗ ಸಂಜೆ ಐದೂವರೆ. ನಾನು ನಾರ್ತ್ ಕೆರೊಲಿನಾದ ಒಂದು ಯೂನಿವರ್ಸಿಟಿಯ ಹಾಸ್ಟೆಲ್ ಬಾಗಿಲಲ್ಲಿ ನಿಂತು ಮೇಜುಗಳನ್ನು ಸಾಲಾಗಿ ಹಾಕಿಸುತ್ತಿದ್ದೆ. ಇನ್ನೊಂದು ಗಂಟೆಗೆ ಮಕ್ಕಳು ಬರುವವರಿದ್ದರು.

“ಹುಡುಗನಿಗೆ ಗುರುವಾರದಿಂದ ಜ್ವರ ಇತ್ತಂತೆ ಕಣೋ. ಇವತ್ತು ಫೋನ್ ಕೊಟ್ಟಾಗಲೇ ನಮಗೆ ಗೊತ್ತಾಗಿದ್ದು” ಅಂದಳು. ಅಕ್ಕ ಅಳುವವಳಲ್ಲ. ದನಿ ಸಣ್ಣದಾಗುತ್ತದೆ, ಅಷ್ಟೆ.

ಅವಳ ಮಗ ಎಸ್ಸೆಸ್ಸೆಲ್ಸಿ ಮುಗಿಸಿ ಮಂಗಳೂರು ಕಡೆಯ ಒಂದು ರೆಸಿಡೆನ್ಷಿಯಲ್ ಪಿಯು ಕಾಲೇಜಿಗೆ ಸೇರಿದ್ದಾನೆ. ವರ್ಷಕ್ಕೆ ಲಕ್ಷಗಟ್ಟಲೆ ಫೀಸು. ಭಾವ ಸೈಟು ತೆಗೆದುಕೊಳ್ಳಲು ಕೂಡಿಟ್ಟಿದ್ದ ದುಡ್ಡೆಲ್ಲ ಅಲ್ಲಿಗೇ ಹೋಯಿತು. ಮನೆಗೆ ಫೋನ್ ಮಾಡಲು ವಾರಕ್ಕೊಮ್ಮೆ, ಭಾನುವಾರ ಸಂಜೆ, ಐದು ನಿಮಿಷ ಬಿಡುತ್ತಾರೆ. ಮೂರು ದಿನ ಆ ಹುಡುಗ ಜ್ವರದಲ್ಲೇ ಬೆಳಗಿನ ಐದೂವರೆಯ ಸ್ಟಡಿ ಅವರ್‌ಗೆ ಎದ್ದು ಕೂತಿದ್ದಾನೆ. ಎಲ್ಲ ಕ್ಲಾಸಿನಲ್ಲೂ ಅವನ ಹಾಜರಿ ಬಿದ್ದಿದೆ. ಶನಿವಾರದ ಟೆಸ್ಟನ್ನೂ ಬರೆದಿದ್ದಾನೆ. ಮೈ ಸುಡುತ್ತಿದ್ದುದು ಮಾತ್ರ ಅಲ್ಲಿ ಯಾರಿಗೂ ಗೊತ್ತಾಗಿಲ್ಲ.

ಫೋನ್ ಇಟ್ಟಾಗ ನನ್ನ ಇನ್ನೊಂದು ಕೈಯಲ್ಲಿ ಅವತ್ತು ಬರಲಿದ್ದ ಮಕ್ಕಳ ಆರೋಗ್ಯದ ಫಾರಂಗಳ ಕಟ್ಟು ಇತ್ತು. ಹಿಂದಿನ ರಾತ್ರಿ ನರ್ಸ್ ಜೊತೆ ಕೂತು ಒಂದೊಂದನ್ನೂ ಓದಿ ಮುಗಿಸಿದ್ದೆ. ಅದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ನನ್ನ ಕೆಲಸ ಏನೆಂದು ಊರಿನಲ್ಲಿ ಕೇಳಿದರೆ ವಿವರಿಸುವುದು ಕಷ್ಟ. ಬೇಸಿಗೆ ರಜೆಯಲ್ಲಿ ಹದಿನೈದರಿಂದ ಹದಿನೇಳು ವಯಸ್ಸಿನ ಮಕ್ಕಳು ಮೂರು ವಾರ ಯೂನಿವರ್ಸಿಟಿಯಲ್ಲೇ ಇದ್ದು ತಮಗಿಷ್ಟವಾದ ಒಂದು ವಿಷಯವನ್ನು ಓದುತ್ತಾರೆ. ಸಂಖ್ಯಾಶಾಸ್ತ್ರವೋ ಖಗೋಳವೋ ತತ್ವಶಾಸ್ತ್ರವೋ, ಯಾವುದಾದರೂ ಸರಿ. ಪಾಠ ಮಾಡುವವರು ಬೇರೆ. ಪಾಠದ ಹೊರಗಿನ ಅಷ್ಟೂ ನನ್ನ ತಲೆಯ ಮೇಲೆ: ರೂಮು, ಬೀಗದ ಕೈ, ಹಾಸಿಗೆ ಬಟ್ಟೆ, ಊಟ, ಔಷಧ, ವಿಮಾನ ನಿಲ್ದಾಣಕ್ಕೆ ಹೋಗಿ ಬರುವ ಬಸ್ಸು, ಬೆಂಕಿಯ ಅಭ್ಯಾಸ, ಸಿಡಿಲು ಬಂದರೆ ಮಕ್ಕಳನ್ನು ಮೈದಾನದಿಂದ ಒಳಗೆ ಕರೆತರುವುದು. ಜನವರಿಯಲ್ಲೇ ಈ ಕೆಲಸ ಶುರುವಾಗುತ್ತದೆ. ಈ ಸಲ ಒಂದು ತಂಡಕ್ಕೆ 240 ಮಕ್ಕಳು, 28 ಆರ್.ಎ.ಗಳು. ಆರ್.ಎ. ಅಂದರೆ ಮಕ್ಕಳಿರುವ ಮಹಡಿಯಲ್ಲೇ ಮಲಗಿ ಅವರನ್ನು ನೋಡಿಕೊಳ್ಳುವ ಕಾಲೇಜು ಹುಡುಗ ಅಥವಾ ಹುಡುಗಿ. ಉಳಿದುಕೊಳ್ಳುವ ಶಿಬಿರದಲ್ಲಿ ಈ ವಯಸ್ಸಿನ ಹತ್ತು ಮಕ್ಕಳಿಗೆ ಕಡಿಮೆಯೆಂದರೂ ಒಬ್ಬರು ಇರಬೇಕು ಎಂಬುದು ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಹಾಕಿರುವ ಲೆಕ್ಕ. ನಾವು ಅದಕ್ಕಿಂತ ಹೆಚ್ಚೇ ಇಟ್ಟುಕೊಳ್ಳುತ್ತೇವೆ.

ಆ ಫಾರಂ ವಿಷಯಕ್ಕೆ ಬರುತ್ತೇನೆ. ಅದು ಎಂಟು ಪುಟ. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಊಟದ ಮುಂಚೆಯೋ ಆಮೇಲೋ. ಕಡಲೆಕಾಯಿ ಆಗುವುದಿಲ್ಲವೆಂದರೆ ತಿಂದರೆ ಮಾತ್ರ ತೊಂದರೆಯೋ, ವಾಸನೆಗೂ ಆಗುತ್ತದೋ. ನಿದ್ದೆಯಲ್ಲಿ ನಡೆಯುವ ಅಭ್ಯಾಸ ಇದೆಯೇ. ಮನೆಯಲ್ಲಿ ಏನೆಂದು ಕರೆಯುತ್ತಾರೆ. ಈ ಹಿಂದೆ ಮನೆ ಬಿಟ್ಟು ಎಷ್ಟು ರಾತ್ರಿ ಇದ್ದಾನೆ. ಕೊನೆಯ ಪುಟದಲ್ಲಿ ಖಾಲಿ ಜಾಗ ಬಿಟ್ಟು ಒಂದು ಪ್ರಶ್ನೆ ಇದೆ: ನಿಮ್ಮ ಮಗುವಿನ ಬಗ್ಗೆ ನಮಗೆ ಗೊತ್ತಿದ್ದರೆ ಒಳ್ಳೆಯದು ಎಂದು ನಿಮಗೆ ಅನಿಸುವುದು ಏನು? ಕೆಲವರು ಅದನ್ನು ಹಾಗೇ ಬಿಟ್ಟಿರುತ್ತಾರೆ. ಕೆಲವರು ಪುಟದ ಹಿಂಬದಿಯಲ್ಲೂ ಬರೆದಿರುತ್ತಾರೆ. ಒಬ್ಬ ಹುಡುಗನ ತಾಯಿ ಅಲ್ಲಿ ಎರಡೇ ಸಾಲು ಬರೆದಿದ್ದರು. ಏನಾದರೂ ಆದರೆ ಅವನಾಗಿ ಕೇಳುವುದಿಲ್ಲ, ನೀವೇ ಕೇಳಿ ಅಂತ.

ನರ್ಸ್ ಆ ಸಾಲಿನ ಕೆಳಗೆ ಗೆರೆ ಎಳೆದು, ಆ ಮಹಡಿಯ ಆರ್.ಎ. ಹೆಸರನ್ನು ಪಕ್ಕದಲ್ಲಿ ಬರೆದರು. ಅವನಿಗೆ ಇದನ್ನು ಹೇಳಬೇಕು ಎಂದು ಅದರ ಅರ್ಥ.

ಜೂನ್ ಮೊದಲ ವಾರ ಅಳಿಯನ ಹಾಸ್ಟೆಲ್ ಅರ್ಜಿ ತುಂಬುವಾಗ ಅಕ್ಕ ಫೋಟೊ ತೆಗೆದು ನನಗೂ ಕಳಿಸಿದ್ದಳು. ಎಸ್ಸೆಸ್ಸೆಲ್ಸಿ ಅಂಕ, ಗಣಿತ ಬೇರೆ, ವಿಜ್ಞಾನ ಬೇರೆ. ನೀಟ್ ಬೇಕೋ ಜೆಇಇ ಬೇಕೋ ಸಿಇಟಿ ಮಾತ್ರ ಸಾಕೋ. ಆಧಾರ್ ನಂಬರು, ಜಾತಿ-ಆದಾಯದ ಸರ್ಟಿಫಿಕೇಟು, ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೊ, ತಂದೆಯ ಉದ್ಯೋಗ. ರಕ್ತದ ಗುಂಪು ಯಾವುದೆಂದು ಒಂದು ಕಡೆ ಇತ್ತು. ಆ ಹುಡುಗನ ಮೈಯ ಬಗ್ಗೆ ಅಲ್ಲಿದ್ದದ್ದು ಅಷ್ಟೇ. ಅವನಿಗೆ ಮಳೆಗಾಲದಲ್ಲಿ ಉಬ್ಬಸ ಬರುತ್ತದೆ. ಅದನ್ನು ಬರೆಯಲು ಜಾಗವೇ ಇರಲಿಲ್ಲ. ಮಳೆಗಾಲದಲ್ಲಿ ಕರಾವಳಿಗೆ ಕಳಿಸುತ್ತಿದ್ದೇವೆ, ಇದನ್ನು ಅವರಿಗೆ ಹೇಳಬೇಕು ಎಂದು ಅಕ್ಕನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ವರ್ಷವಿಡೀ ಇದೇ ಕೆಲಸ ಮಾಡುವ ನಾನು ಆ ಫೋಟೊ ನೋಡಿ “ಸರಿಯಾಗಿದೆ” ಎಂದು ಕಳಿಸಿದ್ದೆ.

ಊರಿನಲ್ಲಿ ಬೇಸಿಗೆ ಶಿಬಿರಗಳಿಲ್ಲವೆಂದಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳಕ್ಕೆ ಮಕ್ಕಳು ಕುಣಿಯುತ್ತಾ ಹೋಗುತ್ತಾರೆ. ಆದರೆ ಅದೆಲ್ಲ ಚಿಕ್ಕವರಿರುವ ತನಕ. ಹತ್ತನೇ ಕ್ಲಾಸು ಹತ್ತಿರ ಬಂದ ಕೂಡಲೇ ನಮ್ಮಲ್ಲಿ ಬೇಸಿಗೆ ಅಂದರೆ ಬ್ರಿಡ್ಜ್ ಕೋರ್ಸು. ಇಲ್ಲಿ ಹದಿಹರೆಯದ ಮಕ್ಕಳನ್ನು ಬೇಸಿಗೆಯಲ್ಲಿ ಒಂದೆಡೆ ಸೇರಿಸಿ, ಪರೀಕ್ಷೆಯ ಗೊಡವೆಯಿಲ್ಲದೆ ಓದಿಸುವ ಪದ್ಧತಿ ಹಳೆಯದು. ಆರ್ನಾಲ್ಡ್ ರಾಸ್ ಗಣಿತದ ಬೇಸಿಗೆ ಕಾರ್ಯಕ್ರಮ ಶುರು ಮಾಡಿದ್ದು 1957ರಲ್ಲಿ. ಇದೇ ರಾಜ್ಯದ ವಿನ್‌ಸ್ಟನ್-ಸೇಲಂನಲ್ಲಿ 1963ರಲ್ಲಿ ಸರ್ಕಾರವೇ ಗವರ್ನರ್ಸ್ ಸ್ಕೂಲ್ ತೆರೆಯಿತು. ಮುಂದೆ 1979ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೂಲಿಯನ್ ಸ್ಟ್ಯಾನ್ಲಿ ಪ್ರತಿಭಾವಂತ ಮಕ್ಕಳಿಗೆಂದು ಕಟ್ಟಿದ ಕೇಂದ್ರವೂ ಅದೇ ದಾರಿಯಲ್ಲಿ ನಡೆಯಿತು. ಇಷ್ಟು ವರ್ಷ ಇಷ್ಟು ಮಕ್ಕಳನ್ನು ಮನೆಯಿಂದ ದೂರ ಇಟ್ಟುಕೊಂಡು ಇವರು ಕಲಿತಿದ್ದೆಲ್ಲ ಆ ಎಂಟು ಪುಟದಲ್ಲಿ ಇಳಿದಿದೆ ಎಂದು ನನಗೆ ಅನಿಸುತ್ತದೆ. ಒಂದೊಂದು ಪ್ರಶ್ನೆಯ ಹಿಂದೆಯೂ ಎಲ್ಲೋ ಒಂದು ಮಗುವಿಗೆ ಏನೋ ಆಗಿರಬೇಕು.

ಬುಧವಾರ ರಾತ್ರಿಯ ಸಂಗತಿ ಹೇಳುತ್ತೇನೆ.

ನಾವು ದಿನಕ್ಕೆ ಆರು ಸಲ ಮಕ್ಕಳನ್ನು ಎಣಿಸುತ್ತೇವೆ. ಕೊನೆಯದು ರಾತ್ರಿ ಹತ್ತಕ್ಕೆ. ಹೆಸರು ಕೂಗಿ “ಎಸ್ ಸರ್” ಎನ್ನಿಸಿಕೊಂಡರೆ ಸಾಲದು. ಆರ್.ಎ. ಬಾಗಿಲು ತಟ್ಟಿ, ಮಗುವಿನ ಮುಖ ನೋಡಿ, ಒಂದು ಮಾತಾಡಿಸಿ ಗುರುತು ಹಾಕಬೇಕು. ಅವತ್ತು ಎಲ್ಲ ಮಹಡಿಗಳಿಂದ ವಾಕಿಟಾಕಿಯಲ್ಲಿ ಲೆಕ್ಕ ಬಂತು. ಕೂಡಿಸಿದರೆ 239.

ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದು ಬರೆದಿಟ್ಟಿದೆ. ಮೊದಲ ಐದು ನಿಮಿಷ ರೂಮು, ಬಚ್ಚಲು, ಅಕ್ಕಪಕ್ಕದ ರೂಮುಗಳು. ಆಮೇಲೆ ಇಡೀ ಕಟ್ಟಡ. ಅಲ್ಲಿಗೂ ಸಿಗದಿದ್ದರೆ ಕ್ಯಾಂಪಸ್ ಪೊಲೀಸ್, ಆಮೇಲೆ ಮನೆಗೆ ಫೋನ್. ಮೂರನೇ ಮಹಡಿಯ ಆರ್.ಎ. ರೂಮು ನೋಡಿದ. ಹಾಸಿಗೆಯ ಮೇಲೆ ಬೆಡ್‌ಶೀಟ್ ಇರಲಿಲ್ಲ. ಅವನಿಗೆ ತಾಯಿ ಬರೆದ ಸಾಲು ನೆನಪಾಯಿತಂತೆ. ನೇರ ನೆಲಮಾಳಿಗೆಗೆ ಇಳಿದು ಬಟ್ಟೆ ಒಗೆಯುವ ಕೋಣೆಗೆ ಹೋದ. ಹುಡುಗ ಅಲ್ಲಿ ವಾಷಿಂಗ್ ಮಷೀನಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಹೊಟ್ಟೆ ಕೆಟ್ಟು ಹಾಸಿಗೆಯ ಮೇಲೆ ವಾಂತಿಯಾಗಿತ್ತು. ರೂಮ್‌ಮೇಟ್ ಬರುವ ಮುಂಚೆ ಒಗೆದುಬಿಡಬೇಕು ಎಂದು ಒಬ್ಬನೇ ಹೊತ್ತುಕೊಂಡು ಬಂದಿದ್ದ. ಮಷೀನಿಗೆ ಸೋಪು ಹಾಕಬೇಕೆಂಬುದೂ ಅವನಿಗೆ ಗೊತ್ತಿರಲಿಲ್ಲ. ಬರೀ ನೀರಿನಲ್ಲಿ ಶೀಟು ತಿರುಗುತ್ತಿತ್ತು.

ಲೆಕ್ಕ ತಪ್ಪಿದ್ದಕ್ಕೂ ಅವನು ಸಿಕ್ಕಿದ್ದಕ್ಕೂ ನಡುವೆ ಹನ್ನೊಂದು ನಿಮಿಷ. ಯಾರೂ ಗದರಲಿಲ್ಲ. ಆರ್.ಎ. ಅವನ ಪಕ್ಕ ನೆಲದ ಮೇಲೆಯೇ ಕೂತು, ಯಾವಾಗಿಂದ ಹೀಗಾಗುತ್ತಿದೆ ಎಂದು ಕೇಳಿದ. ಮಧ್ಯಾಹ್ನದಿಂದ ಎಂದನಂತೆ. ಹತ್ತೂವರೆಗೆ ನರ್ಸ್ ನೋಡಿದರು, ಹತ್ತೂ ಮುಕ್ಕಾಲಿಗೆ ತಾಯಿಯ ಜೊತೆ ಮಾತಾಡಿಸಿದೆವು.

ಅವತ್ತು ಮಲಗಲು ಹೋದಾಗ ನನಗೆ ನಿದ್ದೆ ಬರಲಿಲ್ಲ. ಅಲ್ಲಿ ಮೂರು ದಿನ, ಇಲ್ಲಿ ಹನ್ನೊಂದು ನಿಮಿಷ. ಇಬ್ಬರೂ ಒಂದೇ ವಯಸ್ಸಿನವರು, ಇಬ್ಬರೂ ಬಾಯಿ ಬಿಟ್ಟು ಕೇಳದವರು.

ನಮ್ಮಲ್ಲಿ ಕಾನೂನು ಇಲ್ಲ ಎನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಮಗುವಿನ ಮೇಲೆ ದೌರ್ಜನ್ಯ ನಡೆದಿರಬಹುದು ಎಂಬ ಅನುಮಾನ ಬಂದವರು ತಿಳಿಸಲೇಬೇಕು ಎಂದು ಇಲ್ಲಿ ನಾರ್ತ್ ಕೆರೊಲಿನಾದ ಕಾನೂನು ಹೇಳುತ್ತದೆ, ಯಾರೇ ಆಗಿರಲಿ. ನಮ್ಮ ಪೋಕ್ಸೊ ಕಾಯ್ದೆಯ 19ನೇ ಕಲಂ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಅದನ್ನೇ ಹೇಳುತ್ತದೆ, 2012ರಿಂದ. ಆದರೆ ಇಲ್ಲಿ ಹತ್ತೊಂಬತ್ತು ವಯಸ್ಸಿನ ಆರ್.ಎ. ಮಕ್ಕಳು ಬರುವ ಮುಂಚೆ ದಿನಗಟ್ಟಲೆ ಕೂತು ಇದನ್ನು ಕಲಿತಿರುತ್ತಾನೆ, ಅಭ್ಯಾಸಕ್ಕೆಂದು ಸುಳ್ಳು ಸನ್ನಿವೇಶಗಳನ್ನು ಮಾಡಿ ತೋರಿಸಿರುತ್ತಾನೆ. ಊರಿಗೆ ಹೋದಾಗ ಖಾಸಗಿ ಹಾಸ್ಟೆಲಿನ ವಾರ್ಡನ್ ಒಬ್ಬರ ಜೊತೆ ಈ ಮಾತು ತೆಗೆದಿದ್ದೆ. ತಮ್ಮನ್ನು ಕೆಲಸಕ್ಕೆ ತೆಗೆದುಕೊಂಡಾಗ ಹೇಳಿದ್ದು ಎರಡೇ ಎಂದರು: ಗೇಟು ಎಷ್ಟು ಹೊತ್ತಿಗೆ ಹಾಕಬೇಕು, ಮೊಬೈಲ್ ಸಿಕ್ಕರೆ ಏನು ಮಾಡಬೇಕು. ನೂರಿಪ್ಪತ್ತು ಹುಡುಗರಿಗೆ ಅವರೊಬ್ಬರೇ. ಒಳ್ಳೆಯ ಮನುಷ್ಯ. ಅವರಿಗೆ ಯಾರೂ ಏನೂ ಕಲಿಸಿರಲಿಲ್ಲ.

ಇಷ್ಟು ಬರೆದ ಮೇಲೆ ಇನ್ನೊಂದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ, ಹೇಳಲು ಮನಸ್ಸು ಹಿಂಜರಿದರೂ. ಆ ರಾತ್ರಿ ಹುಡುಗ ನಡುಗುತ್ತಿದ್ದ. ಅವನ ಹಣೆ ಮುಟ್ಟಿ ನೋಡಬೇಕು ಎಂದು ನನ್ನ ಕೈ ಮುಂದೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಮಗುವಿನ ಜೊತೆ ಒಬ್ಬ ದೊಡ್ಡವರೇ ಇರುವಂತಿಲ್ಲ, ಇಬ್ಬರಿರಬೇಕು, ಬಾಗಿಲು ತೆರೆದಿರಬೇಕು, ಕಾರಣವಿಲ್ಲದೆ ಮುಟ್ಟುವಂತಿಲ್ಲ. ಇದು ಸರಿಯಾದ ನಿಯಮ. ಮಕ್ಕಳನ್ನು ಕೆಟ್ಟವರಿಂದ ಕಾಪಾಡಲೆಂದೇ ಬಂದದ್ದು, ಅದನ್ನು ಸಡಿಲ ಮಾಡಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ನರ್ಸ್ ಥರ್ಮಾಮೀಟರ್ ಇಟ್ಟರು, ತಾಯಿ ಒಪ್ಪಿಗೆ ಕೊಟ್ಟಿದ್ದ ಔಷಧವನ್ನೇ ಕೊಟ್ಟರು, ಸಮಯ ಬರೆದುಕೊಂಡರು. ಹುಡುಗ ಹೊದ್ದು ಮಲಗಿದ. ಹಣೆಯ ಮೇಲೆ ಮಾತ್ರ ಯಾರೂ ಕೈ ಇಡಲಿಲ್ಲ.

ನಾನು ಹೈಸ್ಕೂಲು ಓದಿದ್ದು ಬಿ.ಸಿ.ಎಂ. ಹಾಸ್ಟೆಲಿನಲ್ಲಿ ಇದ್ದುಕೊಂಡು. ಒಂಬತ್ತನೇ ಕ್ಲಾಸಿನಲ್ಲಿ ಒಮ್ಮೆ ಚಳಿಜ್ವರ ಬಂದಾಗ ಯಾವ ಫಾರಮ್ಮೂ ಇರಲಿಲ್ಲ, ನಮ್ಮ ಹಳ್ಳಿಯಲ್ಲಿ ಫೋನೂ ಇರಲಿಲ್ಲ. ತಟ್ಟೆಗಳನ್ನು ಎತ್ತಿಡುವಾಗ ಒಂದು ಕಡಿಮೆ ಇದೆ ಎಂದು ಅಡುಗೆಯಮ್ಮನೇ ಹುಡುಕಿಕೊಂಡು ಬಂದರು. ಈರುಳ್ಳಿ ವಾಸನೆಯ ಕೈಯನ್ನು ಹಣೆಯ ಮೇಲಿಟ್ಟು “ಅಯ್ಯೋ ನನ್ನ ಮಗನೆ, ಯಾಕ್ ಹೇಳ್ಲಿಲ್ಲ” ಅಂದರು. ಉಪ್ಪು ಹಾಕಿದ ಗಂಜಿ ತಂದು, ಅರ್ಧ ಕುಡಿಯುವ ತನಕ ಎದುರಿಗೇ ಕೂತರು. ರಾತ್ರಿ ಅವರ ಕಂಬಳಿ ನನ್ನ ಮೇಲಿತ್ತು. ಅಡುಗೆಮನೆಯಲ್ಲಿ ಅವರು ಹೇಗೆ ಮಲಗಿದರೋ, ನಾನು ಕೇಳಲಿಲ್ಲ.

ದುಡ್ಡಿನ ಮಾತೂ ಇದೆ. ನಮ್ಮ ಕಾರ್ಯಕ್ರಮದಲ್ಲಿ ಮೂರು ವಾರಕ್ಕೆ ಸಾವಿರಾರು ಡಾಲರ್. ಸ್ಕಾಲರ್‌ಶಿಪ್ ಸಿಗುವುದು ಕೆಲವರಿಗೆ ಮಾತ್ರ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಒಂದು ರೂಪಾಯಿ ಕೊಡದೆ ಉಂಡು ಓದುತ್ತಾರೆ. ನನ್ನ ಹಾಸ್ಟೆಲಿಗೂ ಅಪ್ಪ ಏನೂ ಕಟ್ಟಿರಲಿಲ್ಲ. ಅಷ್ಟು ಮಕ್ಕಳಿಗೆ ಪುಕ್ಕಟೆ ಅನ್ನ ಹಾಕುವ ಕಡೆ ಹತ್ತು ಮಕ್ಕಳಿಗೊಬ್ಬರನ್ನು ಇಡಿ ಎಂದು ಇಲ್ಲಿ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ನನ್ನ ಸಿಟ್ಟೆಲ್ಲ ಲಕ್ಷಗಟ್ಟಲೆ ತೆಗೆದುಕೊಂಡೂ ಮಗುವಿನ ಬಗ್ಗೆ ಒಂದು ಪ್ರಶ್ನೆ ಕೇಳದವರ ಮೇಲೆ. ಎಂಟು ಪುಟ ಬೇಡ, ಅರ್ಜಿಯ ಕೊನೆಯಲ್ಲಿ ನಾಲ್ಕು ಗೆರೆ ಎಳೆದು ಜಾಗ ಬಿಡಲಿ. ರಾತ್ರಿ ಒಮ್ಮೆ ಪ್ರತಿ ರೂಮಿನ ಬಾಗಿಲಲ್ಲಿ ನಿಂತು ಮುಖ ನೋಡಲಿ. ಅದಕ್ಕೆ ಎಷ್ಟು ಖರ್ಚಾಗುತ್ತದೆ?

ಮುಂದಿನ ಭಾನುವಾರ ಅಕ್ಕ ಮತ್ತೆ ಫೋನ್ ಮಾಡಿದಳು. ಅವಳೂ ಭಾವನೂ ಅಷ್ಟರಲ್ಲಿ ಮಂಗಳೂರಿಗೆ ಹೋಗಿ ಹುಡುಗನನ್ನು ಡಾಕ್ಟರಿಗೆ ತೋರಿಸಿ ಬಂದಿದ್ದರು. ನಾನು ಹೇಳಿದ್ದೆನೆಂದು ಒಂದು ಹಾಳೆಯಲ್ಲಿ ಅವನ ಉಬ್ಬಸದ ವಿಷಯ, ಇನ್‌ಹೇಲರ್ ಎಲ್ಲಿಟ್ಟಿರುತ್ತಾನೆ, ಹುಷಾರಿಲ್ಲದಿದ್ದರೆ ಅವನಾಗಿ ಹೇಳುವುದಿಲ್ಲ ಎಂಬುದನ್ನೆಲ್ಲ ಬರೆದು ವಾರ್ಡನ್ ಕೈಗೆ ಕೊಟ್ಟಳಂತೆ. ಅವರು ನಿಂತಲ್ಲೇ ಪೂರ್ತಿ ಓದಿ, ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರಂತೆ. “ಇಂಥದ್ದನ್ನ ಯಾರೂ ಬರ್ಕೊಂಡು ಬಂದಿಲ್ಲ ನೋಡಿ ಅಮ್ಮ. ಬಂದೋರೆಲ್ಲ ಕೇಳೋದು ರ್‍ಯಾಂಕ್ ಎಷ್ಟು ಅಂತ” ಅಂದರಂತೆ.

ಆ ಕಾಲೇಜನ್ನು ನಾನು ಇನ್ನೂ ನಾಲ್ಕು ಮಾತು ಬೈಯುವವನಿದ್ದೆ. ಅಕ್ಕ ತಡೆದಳು.

“ಹೋದ ವಾರ ಅವನು ಫೋನ್ ಮಾಡಿದಾಗ ನಾನೂ ಮೊದಲು ಟೆಸ್ಟ್ ಹೇಗಾಯ್ತು ಅಂತ ಕೇಳಿದೆ ಕಣೋ. ಐದು ನಿಮಿಷದಲ್ಲಿ ನಾಲ್ಕು ನಿಮಿಷ ಅದೇ ಆಯ್ತು. ಇಡೋ ಹೊತ್ತಿಗೆ ಅವನು ಕೆಮ್ಮಿದ, ಆಮೇಲೆ ಕೇಳಿದೆ.”