ಎರಡನೇ ವಿಮರ್ಶಕರಿಗೆ ನಾವು ಋಣಿಗಳು

ಕಂಪ್ಯೂಟರ್ ವಿಜ್ಞಾನದ ಸಮ್ಮೇಳನಗಳಿಗೆ ಪ್ರಬಂಧ ಕಳುಹಿಸುವವರ ಗಡಿಯಾರವೇ ಬೇರೆ. ಭೂಮಿಯ ಯಾವ ಮೂಲೆಯಲ್ಲಾದರೂ ಆ ತಾರೀಖು ಇನ್ನೂ ಉಳಿದಿದ್ದರೆ ಗಡುವು ಮುಗಿದಿಲ್ಲವೆಂದೇ ಲೆಕ್ಕ. ದಿನವೊಂದು ಕಟ್ಟಕಡೆಗೆ ಮುಗಿಯುವುದು ಪೆಸಿಫಿಕ್ ಸಾಗರದ ಬೇಕರ್, ಹೌಲ್ಯಾಂಡ್ ದ್ವೀಪಗಳಲ್ಲಿ. ಅಲ್ಲಿ ಒಂದು ನರಪಿಳ್ಳೆಯೂ ವಾಸವಿಲ್ಲ. ಆ ನಿರ್ಜನ ದ್ವೀಪಗಳ ನಡುರಾತ್ರಿಗೆ ನಾಲ್ಕು ನಿಮಿಷ ಇರುವಾಗ ನಾನು ನನ್ನ ಪ್ರಬಂಧವನ್ನು ಅಪ್‌ಲೋಡ್ ಮಾಡಿದೆ. ಬರೆದವರು ಯಾರೆಂದು ಪ್ರಬಂಧದ ಯೋಗ್ಯತೆ ಅಳೆಯುವ ವಿಮರ್ಶಕರಿಗೆ ತಿಳಿಯಬಾರದು ಎಂಬ ನಿಯಮಕ್ಕೆ ಅಂಜಿ ಮೊದಲ ಪುಟದಿಂದ ಹೆಸರು ಅಳಿಸಿದ್ದೆ. ಕೊನೆಯ ಪುಟದಲ್ಲಿ ಮಾತ್ರ, ಕರಡು ತಿದ್ದಿಕೊಟ್ಟ ಹೆಂಡತಿಗೆ ಹೆಸರು ಹಿಡಿದು ಕೃತಜ್ಞತೆ ಸಲ್ಲಿಸಿದ್ದೆ. ಪ್ರಬಂಧವನ್ನು ಯಾರೂ ಓದುವ ಮೊದಲೇ ತಿರಸ್ಕರಿಸಿದರು.

ಮುಂದಿನ ಸಲ ಓದಿ ತಿರಸ್ಕರಿಸಿದರು. ಇದನ್ನು ಪ್ರಗತಿ ಎನ್ನಬೇಕು.

1991ರಲ್ಲಿ ಹೈಪರ್‌ಟೆಕ್ಸ್ಟ್ ಸಮ್ಮೇಳನವು ಟಿಮ್ ಬರ್ನರ್ಸ್-ಲೀ ಅವರ ವೆಬ್ ಕುರಿತ ಪ್ರಬಂಧವನ್ನು ಒಪ್ಪದೆ ಪ್ರಾತ್ಯಕ್ಷಿಕೆಗಷ್ಟೇ ಜಾಗ ಕೊಟ್ಟಿತ್ತು. ತಿರಸ್ಕಾರದ ಮಿಂಚಂಚೆ ಬಂದಾಗಲೆಲ್ಲ ಈ ಕಥೆಯನ್ನು ನೆನೆದು ಸಮಾಧಾನಪಡುತ್ತೇನೆ, ನಾನು ಕಂಡುಹಿಡಿದದ್ದು ವೆಬ್ ಅಲ್ಲ ಎಂಬುದನ್ನು ಮರೆತು. ಇನ್ನೂ ಗಟ್ಟಿ ಸಮಾಧಾನ ಬೇಕಿದ್ದರೆ ಯಂತ್ರಕಲಿಕೆ ಕ್ಷೇತ್ರದ 2014ರ ನಿಪ್ಸ್ ಸಮ್ಮೇಳನವಿದೆ. ಅಲ್ಲಿ 166 ಪ್ರಬಂಧಗಳನ್ನು ಒಬ್ಬರಿಗೊಬ್ಬರ ಸುಳಿವಿಲ್ಲದ ಎರಡು ಸಮಿತಿಗಳಿಗೆ ಕೊಟ್ಟು ನೋಡಿದರು. 43ರ ವಿಷಯದಲ್ಲಿ ತೀರ್ಪು ತಾಳೆಯಾಗಲಿಲ್ಲ. ಒಂದು ಸಮಿತಿ ಆರಿಸಿದ್ದರಲ್ಲಿ ಸುಮಾರು ಅರ್ಧದಷ್ಟನ್ನು ಇನ್ನೊಂದು ಸಮಿತಿ ಕೈಬಿಟ್ಟಿತ್ತು. ಅಂದಿನಿಂದ ನನ್ನ ಪ್ರಬಂಧಗಳೆಲ್ಲ ತಪ್ಪು ಸಮಿತಿಗೆ ಹೋದವು ಎಂದು ನಂಬಿದ್ದೇನೆ.

ಆಮೇಲೆ ನನ್ನನ್ನೇ ವಿಮರ್ಶಕನನ್ನಾಗಿ ಕರೆದರು. ಆರು ಪ್ರಬಂಧ, ಆರು ವಾರ. ಐದು ವಾರ ಆರು ದಿನ ಕಳೆದ ಮೇಲೆ ಕುಳಿತೆ. ಬೆಳಗಿನ ಜಾವದ ಹೊತ್ತಿಗೆ ಐದನೆಯದು ಚಿತ್ರ ಗುರುತಿಸುವ ವಿಧಾನ, ಆರನೆಯದು ಯಂತ್ರಾನುವಾದ. ‘ಮಸುಕಾದ ಚಿತ್ರಗಳ ಮೇಲೆ ಪ್ರಯೋಗ ನಡೆಸದಿರುವುದು ದೊಡ್ಡ ಲೋಪ’ ಎಂದು ಖಡಕ್ಕಾಗಿ ಬರೆದು, ನಕಲಿಸಿ, ಅಂಟಿಸಿ, ಮಲಗಿದೆ.

ಲೇಖಕರ ಉತ್ತರ ಬಂದಾಗ ಅನುವಾದದವರು ಬರೆದಿದ್ದರು: ‘ಎರಡನೇ ವಿಮರ್ಶಕರ ಸೂಕ್ಷ್ಮ ಒಳನೋಟಕ್ಕೆ ನಾವು ಋಣಿಗಳು. ನಮ್ಮ ಕೆಲಸದಲ್ಲಿ ಚಿತ್ರಗಳಿಲ್ಲ. ಆದರೂ ಅಂತಿಮ ಪ್ರತಿಯಲ್ಲಿ ಮಸುಕಾದ ಕೆಲವನ್ನು ಸೇರಿಸಲು ಪ್ರಯತ್ನಿಸುತ್ತೇವೆ.’

ಕಿವಿಯವರೆಗೂ ಬಿಸಿಯಾಯಿತು. ಆ ವಿಭಾಗದ ಮುಖ್ಯಸ್ಥರಿಗೆ ತಪ್ಪೊಪ್ಪಿಗೆ ಬರೆದು ಕಳುಹಿಸಿದೆ. ಹತ್ತೇ ನಿಮಿಷದಲ್ಲಿ ಮರುತ್ತರ ಬಂತು: ‘ಚಿಂತಿಸಬೇಡಿ. ಉಳಿದ ಇಬ್ಬರು ವಿಮರ್ಶಕರೂ ಚರ್ಚೆಯಲ್ಲಿ ನಿಮ್ಮ ಆಕ್ಷೇಪವನ್ನು ಅನುಮೋದಿಸಿದ್ದಾರೆ.’