ಗೋಧಿಗೊಂದು ವಾರಂಟಿ ಕಾರ್ಡು

ಮೊನ್ನೆ ಮಿಕ್ಸಿ ರಿಪೇರಿಗೆ ಬಂದ ಹುಡುಗ ಅದನ್ನು ಬಿಚ್ಚಿ ನೋಡಿ, ಮತ್ತೆ ಮುಚ್ಚಿ, ಸರ್ವಿಸ್ ಚಾರ್ಜಿನ ಚೀಟಿ ಕೊಟ್ಟು ಹೋದ. ಮಿಕ್ಸಿ ತಿರುಗಲಿಲ್ಲ. ನನಗೆ ಇರಾಕಿನ ಗೋಧಿ ನೆನಪಾಯಿತು.

ನಿರ್ಬಂಧಗಳಲ್ಲಿ ಸಿಕ್ಕಿದ್ದ ಇರಾಕು ಎಣ್ಣೆ ಮಾರಿ ಆಹಾರ, ಔಷಧಿ ಕೊಳ್ಳಲೆಂದು ವಿಶ್ವಸಂಸ್ಥೆ ನಡೆಸಿದ ‘ಆಹಾರಕ್ಕಾಗಿ ತೈಲ’ ಯೋಜನೆಯನ್ನು ನಾವಂತೂ ಮರೆಯುವ ಹಾಗಿಲ್ಲ. 2005ರಲ್ಲಿ ನಟವರ್ ಸಿಂಗ್ ವಿದೇಶಾಂಗ ಖಾತೆ ಕಳೆದುಕೊಂಡದ್ದು ಅದೇ ಎಣ್ಣೆಯ ಜಿಡ್ಡಿನಿಂದ. ಆದರೆ ಅದರ ಒಂದು ಸೊಗಸನ್ನು ಯಾರೂ ಸಾಕಷ್ಟು ಮೆಚ್ಚಿಲ್ಲ. 2000ದಲ್ಲಿ ಸದ್ದಾಂ ಸರ್ಕಾರ ಸಾಮಾನು ಮಾರುವ ಕಂಪನಿಗಳಿಂದ ಶೇ 10ರಷ್ಟು ‘ಮಾರಾಟೋತ್ತರ ಸೇವಾ ಶುಲ್ಕ’ ಕೇಳತೊಡಗಿತು. ಗೋಧಿಗೂ! ರೊಟ್ಟಿ ಉಬ್ಬದಿದ್ದರೆ ಬಾಗ್ದಾದಿನ ಅಡುಗೆಮನೆಗೆ ಮೆಕ್ಯಾನಿಕ್ ಬರುತ್ತಿದ್ದನೇ? ವಾರಂಟಿ ತಿಂದ ಮೇಲೂ ಚಾಲ್ತಿಯಲ್ಲಿರುತ್ತಿತ್ತೇ? ನಮ್ಮಜ್ಜಿ ಗಿರಣಿಯವನ ಹತ್ತಿರ “ಹಿಟ್ಟು ತರಿತರಿಯಾಗಿದೆ, ಇನ್ನೊಮ್ಮೆ ಬೀಸು” ಎಂದು ಜಗಳವಾಡುತ್ತಿದ್ದಳು. ಗೋಧಿಗೆ ನಿಜವಾಗಿ ಮಾರಾಟೋತ್ತರ ಸೇವೆ ಪಡೆದವಳು ಪ್ರಪಂಚದಲ್ಲಿ ಅವಳೊಬ್ಬಳೇ ಇರಬೇಕು, ಅದೂ ಬಿಟ್ಟಿಯಾಗಿ.

ಗೋಧಿ ರಫ್ತು ಮಾಡುತ್ತಿದ್ದ ಆಸ್ಟ್ರೇಲಿಯಾದ ಎಡಬ್ಲ್ಯುಬಿ ಕಂಪನಿ ಈ ಶುಲ್ಕವನ್ನು ಲಾರಿ ಬಾಡಿಗೆಯೊಳಗೆ ತುರುಕಿ ಜೋರ್ಡಾನಿನ ಆಲಿಯಾ ಎಂಬ ಸಾಗಣೆ ಸಂಸ್ಥೆಗೆ ಕಟ್ಟಿತು. ಬಾಡಿಗೆ ಸುಮಾರು 29 ಕೋಟಿ ಆಸ್ಟ್ರೇಲಿಯನ್ ಡಾಲರ್. ಆಲಿಯಾ ಎಡಬ್ಲ್ಯುಬಿಯ ಒಂದು ಮೂಟೆಯನ್ನೂ ಸಾಗಿಸಲಿಲ್ಲ, ದುಡ್ಡನ್ನು ಮಾತ್ರ ಸದ್ದಾಂ ಸರ್ಕಾರಕ್ಕೆ ದಾಟಿಸಿತು.

ಯೋಜನೆಯ ಮುಖ್ಯಸ್ಥ ಬೆನನ್ ಸೆವಾನ್ ಅವರನ್ನು ಈ ಹಗರಣದ ತನಿಖೆಗೆ ವಿಶ್ವಸಂಸ್ಥೆ ನೇಮಿಸಿದ ವೋಲ್ಕರ್ ಸಮಿತಿ ಕೈಗೆ ಬಂದ ನಗದಿನ ಮೂಲ ಕೇಳಿತು. ಸೈಪ್ರಸ್ಸಿನಲ್ಲಿ ಪಿಂಚಣಿಯ ಮೇಲಿದ್ದ ಬಂಧುವೊಬ್ಬರು ಕೊಟ್ಟರು ಎಂಬ ಉತ್ತರ ಬಂತು. ಚಿಕ್ಕಮ್ಮನೋ, ಸೋದರತ್ತೆಯೋ, ಇಂಗ್ಲಿಷಿನಲ್ಲಿ ಎಲ್ಲರೂ ಆಂಟಿಯೇ. ಸಮಿತಿ ನಂಬಲಿಲ್ಲ, ಸೆವಾನ್ ತಪ್ಪು ಒಪ್ಪಲಿಲ್ಲ. 2,200ಕ್ಕೂ ಹೆಚ್ಚು ಕಂಪನಿಗಳ ವ್ಯವಹಾರದಲ್ಲಿ ಸುಮಾರು 180 ಕೋಟಿ ಡಾಲರ್ ಅಕ್ರಮ ಶುಲ್ಕ, ಲಂಚಗಳಾಗಿ ಸದ್ದಾಂ ಸರ್ಕಾರಕ್ಕೆ ಸಂದಿತ್ತು ಎಂದು ಸಮಿತಿ ಬರೆಯಿತು.

ತಮಾಷೆ ಸಾಕು. ಯೋಜನೆಯ ಹಣ ಯಾರೋ ಪುಣ್ಯಾತ್ಮರು ಕೊಟ್ಟ ದಾನವಾಗಿರಲಿಲ್ಲ. ಇರಾಕಿನ ನೆಲದ ಎಣ್ಣೆ ಮಾರಿ ವಿಶ್ವಸಂಸ್ಥೆಯ ಖಾತೆಯಲ್ಲಿಟ್ಟ ಇರಾಕಿಗಳದೇ ದುಡ್ಡು. ಆಡಳಿತ ವೆಚ್ಚಕ್ಕೆಂದು ವಿಶ್ವಸಂಸ್ಥೆ ಶೇ 2.2 ಮುರಿದುಕೊಳ್ಳುತ್ತಿತ್ತು, ಅಷ್ಟಾದರೂ ಕಂಪನಿಗಳು ಆ ಶುಲ್ಕವನ್ನು ಬೆಲೆಗೆ ಸೇರಿಸಿ ಉಬ್ಬಿಸಿದ ಬಿಲ್ಲುಗಳು ಅದರ ಕಣ್ಣೆದುರೇ ಪಾಸಾಗುತ್ತಿದ್ದವು. ಲಂಚದ ಒಂದೊಂದು ಡಾಲರೂ ಪಡಿತರದ ಸಾಲಿನಲ್ಲಿ ಚೀಲ ಹಿಡಿದು ನಿಂತವರ ಗಂಟಿನಿಂದ ಹೋಯಿತು. ಅವರಿಗೆ ರಸೀದಿಯೂ ಸಿಗಲಿಲ್ಲ.

ಎಡಬ್ಲ್ಯುಬಿಯ ಮಾಜಿ ಮುಖ್ಯಾಧಿಕಾರಿಗೆ 2012ರಲ್ಲಿ ನ್ಯಾಯಾಲಯ ದಂಡ ಹಾಕಿತು: ಒಂದು ಲಕ್ಷ ಆಸ್ಟ್ರೇಲಿಯನ್ ಡಾಲರ್. ಸರ್ವಿಸ್ ಚಾರ್ಜ್ ಸೇರಿಸಿರಲಿಲ್ಲ.