ಫೇಲಾದ ಬೋರಿನ ಲೆಕ್ಕ

ನಮ್ಮ ಕಾಕಾನ ಹೊಲದಲ್ಲಿ ಮೂರು ಬೋರ್ ಇವೆ. ಎರಡರ ಬಾಯಿಗೆ ಫರಸಿ ಕಲ್ಲು ಮುಚ್ಚಿ ಸಿಮೆಂಟ್ ಬಳಿದಿದ್ದಾರೆ. ಮೂರನೆಯದು ಒಂದಿಂಚು ನೀರು ಎತ್ತುತ್ತದೆ. ಹೊಲ ಇರುವುದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ, ಗೋಗಿಯಿಂದ ದೂರವೇನಲ್ಲ. ನಾರಾಯಣಪುರದ ಕಾಲುವೆ ನಮ್ಮ ತಾಲ್ಲೂಕಿಗೆ ಬಂದು ಎಷ್ಟೋ ವರ್ಷವಾಯಿತು. ಆದರೆ ಕಾಕಾನ ಹೊಲ ಎತ್ತರದಲ್ಲಿದೆ, ಬದುವಿನ ಮೇಲೆ ನಿಂತರೆ ಆ ಕಾಲುವೆ ಕೆಳಗೆ ಹರಿಯುವುದು ಕಾಣುತ್ತದೆ, ಅಷ್ಟೇ. ಹಾಗಾಗಿ ತೊಗರಿ, ಹತ್ತಿ, ಮತ್ತು ಬೋರಿನ ಆಸೆ.

ಮೊದಲ ಬೋರಿಗೆ ಜಾಗ ತೋರಿಸಿದ್ದು ತೆಂಗಿನಕಾಯಿ. ಹಿರಿಯರೊಬ್ಬರು ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ಹೊಲ ಸುತ್ತಿದರು. ಬೇವಿನ ಗಿಡದ ಹತ್ತಿರ ಕಾಯಿ ಎದ್ದು ನಿಂತಿತು, ಕಾಕಾ ಕೈ ಮುಗಿದ. 340 ಅಡಿ ಹೋದರೂ ಮೇಲೆ ಬಂದದ್ದು ಜೋಳದ ಹಿಟ್ಟಿನಂಥ ಧೂಳು. ಎರಡನೆಯದಕ್ಕೆ ಮಷಿನ್ ಕರೆಸಿದ. "ಈ ಸಲ ಸೈನ್ಸ್ ಅದ ನೋಡಪಾ" ಎಂದು ಕಲಬುರಗಿಯಲ್ಲಿದ್ದ ನನಗೆ ಫೋನ್ ಮಾಡಿ ಹೇಳಿದ. ಪೆಟ್ಟಿಗೆ ಹಿಡಿದು ಬಂದವನು ಅರ್ಧ ಗಂಟೆ ನಾಲ್ಕು ಸಲಾಕೆಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಚುಚ್ಚಿದ. ಚೀಟಿ ಮೇಲೆ '280 ಅಡಿ, 2 ಇಂಚು' ಎಂದು ಬರೆದ. ದುಡ್ಡು ಎಣಿಸಿಕೊಂಡು ಬೈಕ್ ಹತ್ತಿದ. ಅದೂ ಫೇಲ್.

"ಕಾಯಿನೂ ಸುಳ್ಳ, ಮಷಿನೂ ಸುಳ್ಳ. ಎಲ್ಲಾ ನಸೀಬ ಅದ." ಕಾಕಾನ ತೀರ್ಮಾನ ಇದು. ಈ ಬರಹ ಆ ಮಾತಿಗೆ ನನ್ನ ತಕರಾರು.

ಮಷಿನ್ ಸುಳ್ಳಲ್ಲ. ಅದು ಹೇಳದೇ ಇದ್ದದ್ದನ್ನು ಅದರ ಹೆಸರಿನಲ್ಲಿ ಮಾರುತ್ತಾರೆ. ಆ ಪೆಟ್ಟಿಗೆಗೆ ನೀರು ಕಾಣುವುದೇ ಇಲ್ಲ. ಅದಕ್ಕೆ ಗೊತ್ತಾಗುವುದು ಒಂದೇ ಸಂಗತಿ: ನೆಲದೊಳಗೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದು. ನಾಲ್ಕು ಸಲಾಕೆಗಳನ್ನು ಒಂದೇ ಸಾಲಿನಲ್ಲಿ ನೆಡಬೇಕು. ಹೊರಗಿನ ಎರಡರಿಂದ ಕರೆಂಟ್ ಬಿಡುವುದು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುವುದು. ಹೊರಗಿನ ಸಲಾಕೆಗಳನ್ನು ದೂರ ದೂರ ಒಯ್ದಂತೆ ಕರೆಂಟ್ ಇನ್ನಷ್ಟು ಆಳಕ್ಕೆ ಇಳಿದು ಬರುತ್ತದೆ. ಫ್ರಾನ್ಸ್‌ನ ಕಾನ್ರಾಡ್ ಶ್ಲಂಬರ್ಜರ್ 1912ರಲ್ಲಿ ನೆಲಕ್ಕೆ ಕರೆಂಟ್ ಬಿಟ್ಟು ಅಳೆಯಲು ಶುರು ಮಾಡಿದ್ದು ನೀರಿಗಾಗಿ ಅಲ್ಲ, ಅದಿರಿಗಾಗಿ. ಇವತ್ತಿಗೂ ನಮ್ಮ ಹೊಲಗಳಲ್ಲಿ ಸಲಾಕೆ ನೆಡುವ ಒಂದು ಕ್ರಮಕ್ಕೆ ಆತನದೇ ಹೆಸರು.

ಈಗ ಆ ಚೀಟಿಯನ್ನು ಇನ್ನೊಮ್ಮೆ ನೋಡಿ. 280 ಅಡಿ ಅಂದರೆ ಸುಮಾರು 85 ಮೀಟರ್. ಅಷ್ಟು ಆಳದ ಸುದ್ದಿ ಬೇಕಾದರೆ ಹೊರಗಿನ ಎರಡು ಸಲಾಕೆಗಳ ನಡುವೆ ಅದರ ಮೂರು ನಾಲ್ಕು ಪಟ್ಟು ಅಂತರ ಬೇಕು. ಅಂದರೆ ಕಾಲು ಕಿಲೋಮೀಟರಿಗೂ ಜಾಸ್ತಿ. ಆತ ತಂದದ್ದು ಮೂವತ್ತು ಮೀಟರ್ ವೈರ್! ಹತ್ತು ಮೀಟರ್ ಆಳ ನೋಡಿದರೆ ಹೆಚ್ಚು. ಉಳಿದದ್ದೆಲ್ಲ ಆತನ ಅಂದಾಜು, 'ಇಂಚು' ಅಂತೂ ಶುದ್ಧ ಕಥೆ. ಇಂಚಿನ ಲೆಕ್ಕ ಹೇಳುವ ಪೆಟ್ಟಿಗೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ.

ಮೂರನೇ ಬೋರಿಗೆ ಮುಂಚೆ ನನ್ನ ಗೆಳೆಯನೊಬ್ಬನನ್ನು ಕರೆದುಕೊಂಡು ಹೋದೆ. ಅವನು ಓದಿದ್ದು ಇದನ್ನೇ. ಬಂದವನು ಪೆಟ್ಟಿಗೆ ತೆಗೆಯಲಿಲ್ಲ. "ಕಾಕಾ, ಹಳೀ ಬಾವಿ ಎಲ್ಲೆದ ರೀ?" ಎಂದ. ಬತ್ತಿಹೋದ ಬಾವಿಯ ಮೆಟ್ಟಿಲು ಇಳಿದು ಗೋಡೆ ನೋಡುತ್ತಾ ನಿಂತ. ಮೇಲೆ ನಾಲ್ಕಡಿ ಎರೆಮಣ್ಣು, ಅದರ ಕೆಳಗೆ ಮೊರಂ, ಆಮೇಲೆ ಕೈಯಿಂದ ಉದುರಿಸಬಹುದಾದ ಸಡಿಲ ಕಲ್ಲು. ಸುತ್ತಲಿನ ನಾಲ್ಕು ಹೊಲಗಳ ಬೋರು ಎಷ್ಟಡಿ, ಮೇಲಿನ ಸಡಿಲ ಮಣ್ಣು ಕುಸಿಯದಂತೆ ಇಳಿಸುವ ಕೊಳವೆ, ಅಂದರೆ ಕೇಸಿಂಗ್, ಎಷ್ಟಡಿ ಎಂದು ಕೇಳಿದ. ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಇನ್ನೂರರ ಮ್ಯಾಲ ಅದ" ಎನ್ನುವಷ್ಟೇ ನೆನಪು.

ಆಮೇಲೆ ಕೆಲಸ. ನಾನೊಂದು ತುದಿ, ಕಾಕಾನ ಮಗ ಇನ್ನೊಂದು ತುದಿ. ವೈರ್ ಬಿಚ್ಚುವುದು, ಸಲಾಕೆ ಹೊಡೆಯುವುದು, ಅದರ ಬುಡಕ್ಕೆ ಉಪ್ಪುನೀರು ಸುರಿಯುವುದು. ಒಣ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದಕ್ಕೆ ಈ ಉಪ್ಪುನೀರು. ಅವನು ಕೂಗಿ ಹೇಳಿದಾಗ ಕಿತ್ತು ಇನ್ನೂ ದೂರ ಹೋಗಿ ಮತ್ತೆ ಹೊಡೆಯುವುದು. ನಡುವೆ ಕುರಿ ಹಿಂಡೊಂದು ವೈರ್ ದಾಟುವವರೆಗೆ ಸುಮ್ನೆ ಕೂತೆವು. ಒಂದು ಜಾಗಕ್ಕೆ ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ನಾಲ್ಕು ಜಾಗ ಮುಗಿಯುವಷ್ಟರಲ್ಲಿ ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು.

ಅವನು ಗ್ರಾಫ್ ಹಾಳೆ ಮೇಲೆ ಚುಕ್ಕಿ ಇಡುತ್ತಾ ಹೋದ. ಎರೆಮಣ್ಣಿನ ಹತ್ತಿರ ರೀಡಿಂಗ್ ಆರೇಳು ಓಮ್ ಮೀಟರ್, ಕರೆಂಟಿಗೆ ನೆಲ ಎಷ್ಟು ಅಡ್ಡಿ ಮಾಡುತ್ತದೆ ಎಂಬುದರ ಅಳತೆ ಅದು. ಕೆಳಗೆ ಮೊರಂ, ಸಡಿಲ ಕಲ್ಲು ಬಂದಂತೆ ಮೂವತ್ತು, ನಲವತ್ತು. ಆಮೇಲೆ ಗೆರೆ ಏಣಿ ಆನಿಸಿಟ್ಟ ಹಾಗೆ ನಲವತ್ತೈದು ಡಿಗ್ರಿಯಲ್ಲಿ ಮೇಲೇರತೊಡಗಿತು. ಅಲ್ಲಿಂದ ಕೆಳಗೆ ಗಟ್ಟಿ ಗ್ರಾನೈಟ್. ಎರಡನೇ ಬೋರು ಫೇಲಾದ ಜಾಗದಲ್ಲಿ ಈ ಏಣಿ ಎಂಟು ಮೀಟರಿಗೇ ಶುರುವಾಗಿತ್ತು. ಹಳ್ಳದ ಕಡೆಯ ಬದುವಿನ ಹತ್ತಿರ ಇಪ್ಪತ್ತೈದು ಮೀಟರ್ ತನಕ ಶುರುವಾಗಲೇ ಇಲ್ಲ.

"ನೀರ ಅವ ಅಂತ ನಾ ಹೇಳಂಗಿಲ್ಲ ಕಾಕಾ. ಇಲ್ಲಿ ಕಲ್ಲು ಆಳದ ತನಕ ಸಡಿಲಾಗ್ಯಾದ, ಅಷ್ಟ ಹೇಳ್ತೀನಿ" ಎಂದ. ಕಾಕಾಗೆ ಇದು ಸಮಾಧಾನ ಕೊಡಲಿಲ್ಲ. ಎರಡಿಂಚು ಎಂದವನು ಧೈರ್ಯವಾಗಿ ಹೇಳಿದ್ದನಲ್ಲ! ನಮ್ಮ ಕಷ್ಟ ಇಲ್ಲೇ ಇದೆ ಅನ್ನಿಸುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವನಿಗೆ ದುಡ್ಡು ಕೊಡಲು ಮನಸ್ಸು ಬರುವುದಿಲ್ಲ.

ಅವನು ಹೇಳಿದ ಮಿತಿಗಳೂ ನಿಜವೇ. ಜೇಡಿಮಣ್ಣಿಗೂ ರೀಡಿಂಗ್ ಕಡಿಮೆ, ಸವಳು ನೀರಿಗೂ ಕಡಿಮೆ, ಅವನ್ನೇ ಸಿಹಿನೀರು ಎಂದು ತಿಳಿದರೆ ಕೆಟ್ಟೆವು. ಮುನ್ನೂರು ಅಡಿ ಆಳದ ಗೇಣಗಲದ ಬಿರುಕು ಮೇಲಿನಿಂದ ಕಾಣುವುದೇ ಇಲ್ಲ, ಸುತ್ತಲಿನ ಬಂಡೆ ಅದನ್ನು ನುಂಗಿಬಿಡುತ್ತದೆ. ಹತ್ತಿರ ಕಬ್ಬಿಣದ ಬೇಲಿ ಇದ್ದರೂ ಲೆಕ್ಕ ಕೆಡುತ್ತದೆ. ಮತ್ತೆ ಊರು ಬದಲಾದರೆ ಲೆಕ್ಕವೇ ಬೇರೆ. ಆಳಂದ, ಅಫಜಲಪುರದ ಕಡೆ ಕೆಳಗಿರುವುದು ಲಾವಾ ಪದರಗಳ ಕಪ್ಪು ಕಲ್ಲು. ಅಲ್ಲಿ ಗಟ್ಟಿ ಪದರದ ನಡುವೆ ತೂತುತೂತಾದ ಕಲ್ಲು ಹುಡುಕಬೇಕು. ವಾಡಿ, ಶಹಾಬಾದ್, ಸೇಡಂ ಕಡೆ ಸುಣ್ಣದ ಕಲ್ಲು. ಪೊಳ್ಳು ಸಿಕ್ಕರೆ ಹಬ್ಬ, ಸಿಗದಿದ್ದರೆ ಹತ್ತಡಿ ಪಕ್ಕದಲ್ಲೇ ಒಣ ಬೋರು. ಬೀದರಿನಲ್ಲಿ ಮೇಲೆ ಜಂಬಿಟ್ಟಿಗೆ, ಕೆಳಗೆ ಕಪ್ಪು ಕಲ್ಲು. ಜಂಬಿಟ್ಟಿಗೆ ಮಳೆನೀರು ಕುಡಿಯುತ್ತದೆ, ಕಪ್ಪು ಕಲ್ಲು ತಡೆಯುತ್ತದೆ. ಬಹಮನಿ ಕಾಲದವರು ನೌಬಾದಿನ ಸುರಂಗ ಬಾವಿ ತೋಡಿದ್ದು ಈ ಗುಟ್ಟು ಹಿಡಿದೇ. ಅವರ ಹತ್ತಿರ ಪೆಟ್ಟಿಗೆ ಇರಲಿಲ್ಲ, ಕಲ್ಲು ನೋಡುವ ಕಣ್ಣಿತ್ತು.

ಇನ್ನು ಗೋಗಿಯ ಮಾತು. ನಮ್ಮ ಹಳ್ಳದ ಆಚೆ ಫರಸಿ ಕಲ್ಲು, ಈಚೆ ಗ್ರಾನೈಟ್. ನೆಲ ಸೀಳಿ ಸರಿದ ಇಂಥದ್ದೇ ಒಂದು ಗೆರೆಗುಂಟ ಗೋಗಿಯಲ್ಲಿ ಯುರೇನಿಯಂ ಸಿಕ್ಕಿತು. ಅದನ್ನು ಹುಡುಕಿದ್ದು ಅಣುಶಕ್ತಿ ಇಲಾಖೆಯ ಖನಿಜ ಶೋಧನಾ ನಿರ್ದೇಶನಾಲಯ. ಗಣಿ ಬೇಕೋ ಬೇಡವೋ ಎಂಬ ಜಗಳ ಬೇರೆ, ಊರಿನವರ ಹೆದರಿಕೆ ನನಗೆ ಅರ್ಥವಾಗುತ್ತದೆ. ನನ್ನ ಗಮನ ಹೋದದ್ದು ಅವರು ತೂತು ಹೊಡೆಯುವ ರೀತಿಯ ಮೇಲೆ. ಇಂಥ ಶೋಧದಲ್ಲಿ ಕಲ್ಲನ್ನು ಪುಡಿ ಮಾಡುವುದಿಲ್ಲ, ಉದ್ದನೆಯ ಕೋಲಿನ ಹಾಗೆ ಕೊರೆದು ತೆಗೆಯುತ್ತಾರೆ. ಎಷ್ಟನೇ ಮೀಟರಿನ ಕಲ್ಲು ಎಂದು ಗುರುತು ಹಾಕಿ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ. ತೂತಿನೊಳಗೆ ಗಾಮಾ ಕಿರಣ ಅಳೆಯುವ ಕೊಳವೆ ಇಳಿಬಿಡುತ್ತಾರೆ. ಕೊರೆದ ತೂತಿನೊಳಗೆ ಉಪಕರಣ ಇಳಿಸಿ ಕಲ್ಲಿನ ಗುಣ ಅಳೆಯುವ ಈ ಪದ್ಧತಿ 1927ರಲ್ಲೇ ಫ್ರಾನ್ಸ್‌ನ ಎಣ್ಣೆ ಬಾವಿಯಲ್ಲಿ ಶುರುವಾಗಿತ್ತು, ಅದೂ ಶ್ಲಂಬರ್ಜರ್ ಮಂದಿಯದೇ ಕೆಲಸ. ಮುಖ್ಯ ಸಂಗತಿ ಏನೆಂದರೆ ಏನೂ ಸಿಗದ ತೂತಿಗೂ ಅವರಲ್ಲಿ ಕಡತ ಇರುತ್ತದೆ. 'ಇಲ್ಲಿ ಇಲ್ಲ' ಎಂಬುದೂ ಅವರಿಗೆ ಸಿಕ್ಕಿದ ಮಾಹಿತಿಯೇ. ನಾವೋ? ಲಕ್ಷಗಟ್ಟಲೆ ಸಾಲ ಮಾಡಿ ಹೊಡೆಸಿದ ತೂತಿಗೆ ಕಲ್ಲು ಮುಚ್ಚಿ, ನಸೀಬಿಗೆ ಬೈದು ಮನೆಗೆ ಬರುತ್ತೇವೆ.

ಭೌತಿಕ ಅಳತೆ ಒಂದು ಕಡೆಯಾದರೆ ರಸಾಯನದ ಪತ್ತೆದಾರಿ ಇನ್ನೊಂದು ಕಡೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಹಳ್ಳಗಳಿಗೆ ಇಳಿದು ಮರಳು, ಮಣ್ಣು ತುಂಬಿಕೊಂಡು ಹೋಗುತ್ತಾರೆ. ಹಳ್ಳದ ಮರಳು ಚಾಡಿಕೋರ ಇದ್ದ ಹಾಗೆ, ಮೇಲಿನ ಗುಡ್ಡದಲ್ಲಿ ಏನಿದೆ ಎಂಬುದನ್ನೆಲ್ಲ ಕೆಳಗೆ ತಂದು ಹೇಳುತ್ತದೆ. ಚಿನ್ನ ಸ್ವತಃ ಸಿಗುವುದು ಕಷ್ಟ, ಅದಕ್ಕೆ ಚಿನ್ನದ ಜೊತೆ ತಿರುಗುವ ಆರ್ಸೆನಿಕ್ ಹುಡುಕುತ್ತಾರೆ. ಕಳ್ಳ ಸಿಗದಿದ್ದರೆ ಅವನ ಗೆಳೆಯನನ್ನು ಹಿಡಿದ ಹಾಗೆ.

ಆದರೆ ಈ ಗೆಳೆಯ ಕುಡಿಯುವ ನೀರಿಗೂ ಬರುತ್ತಾನೆ. ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಊರಿದೆ, ಕಡಲ ತಡಿಯದ್ದಲ್ಲ, ನಮ್ಮದೇ. ಅಲ್ಲಿ ಹಿಂದೆ ಚಿನ್ನದ ಗಣಿ ಇತ್ತು. ಅದೇ ಕಲ್ಲಿನ ಪಟ್ಟಿಯ ಕಿರದಳ್ಳಿ ತಾಂಡಾದ ಬೋರ್ ನೀರಿನಲ್ಲಿ ಆರ್ಸೆನಿಕ್ ಪತ್ತೆಯಾಯಿತು. ಜನರ ಅಂಗೈ, ಅಂಗಾಲು ಒರಟಾದವು, ಮೈಮೇಲೆ ಕಲೆಗಳೆದ್ದವು. ಚಿನ್ನ ಹುಡುಕುವವರಿಗೆ ಆರ್ಸೆನಿಕ್ ಒಂದು ಸುಳಿವು, ತಾಂಡಾದ ತಾಯಂದಿರಿಗೆ ಅದು ಕೊಡದಲ್ಲಿದ್ದ ವಿಷ. ಅಲ್ಲಿನ ಕಲ್ಲಿನ ಗುಣ ಗೊತ್ತಿದ್ದವರು ಮೊದಲೇ ಒಂದು ಮಾತು ಹೇಳಿದ್ದರೆ ಎಂದು ನನಗೆ ಇವತ್ತಿಗೂ ಸಂಕಟ.

ಬೀದರಿನ ಬಿದ್ರಿ ಕುಶಲಕರ್ಮಿಗಳು ಕೋಟೆಯ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ಆರಿಸುತ್ತಾರೆ. ಕಾಕಾನೂ ಬೋರಿನ ನೀರು ಬಾಯಿಗೆ ಹಾಕಿ "ಸಿಹಿ ಅವ" ಎಂದು ನಕ್ಕ. ಆದರೆ ಆರ್ಸೆನಿಕ್‌ಗಾಗಲಿ, ನೀರಿಗೆ ಬರುವಷ್ಟು ಯುರೇನಿಯಂ, ಫ್ಲೋರೈಡ್‌ಗಾಗಲಿ ರುಚಿಯಿಲ್ಲ. ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ, ಯುರೇನಿಯಂ 30 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ನಮ್ಮ ಮಾನದಂಡ. ಇದು ಲ್ಯಾಬಿಗೆ ಮಾತ್ರ ಗೊತ್ತಾಗುವ ಲೆಕ್ಕ. ನಮ್ಮ ಭಾಗದಲ್ಲಿ ಹೊಸ ಬೋರಿನ ನೀರು ಕುಡಿಯುವ ಮುಂಚೆ ಪರೀಕ್ಷೆ ಮಾಡಿಸಿ, ಈ ಮೂರರ ಹೆಸರು ಹೇಳಿ ಕೇಳಿ. ಬರೀ 'ನೀರು ಚೆನ್ನಾಗಿದೆಯಾ' ಎಂದು ಕೇಳಿದರೆ ಉಪ್ಪು, ಗಡಸುತನ ನೋಡಿ ಕಳಿಸಿಬಿಡಬಹುದು.

ಪಾಯಿಂಟ್ ಹಾಕುವವರಿಂದ, ಅಂದರೆ ಬೋರಿಗೆ ಜಾಗ ತೋರಿಸುವವರಿಂದ, ಚೀಟಿ ಬೇಡ, ರೀಡಿಂಗ್ ಬರೆದ ಹಾಳೆ ಕೇಳಿ ಇಸಿದುಕೊಳ್ಳಿ. ಎಷ್ಟು ಮೀಟರ್ ವೈರ್ ಎಳೆದರು ಎಂದು ನೀವೇ ನಿಂತು ಎಣಿಸಿ. ಹಾಳೆ ಕೊಡಲು ಒಲ್ಲೆ ಎಂದರೆ ಬೇರೆಯವರನ್ನು ನೋಡಿ. ಬೋರ್ ಹೊಡೆಯುವ ರಿಗ್ ಬಂದಾಗ ಮಲಗಲು ಹೋಗಬೇಡಿ. ಕೇಸಿಂಗ್ ಎಷ್ಟಡಿ ಇಳಿಯಿತು, ಧೂಳಿನ ಬಣ್ಣ ಎಲ್ಲಿ ಬದಲಾಯಿತು, ಎಷ್ಟನೇ ಅಡಿಗೆ ಹಸಿಯಾಯಿತು, ಎಲ್ಲಾ ಬರೆದಿಡಿ. ಫೇಲಾದರೆ ಮೊದಲು ಬರೆಯಿರಿ, ಆಮೇಲೆ ಬೈಯಿರಿ. ಒಂದು ಊರಿನಲ್ಲಿ ಇಂಥ ಐವತ್ತು ಪುಟ ಸೇರಿದರೆ ಅದಕ್ಕಿಂತ ಒಳ್ಳೆಯ ನಕ್ಷೆಯನ್ನು ಯಾವ ಹೆಲಿಕಾಪ್ಟರ್ ಸರ್ವೆಯೂ ಕೊಡಲಾರದು ಎಂಬುದು ನನ್ನ ನಂಬಿಕೆ. ಅಕ್ಕಪಕ್ಕದವರಿಗೆ ತೋರಿಸಿದರೆ ನಮ್ಮ ನೀರು ಅವರು ಎಳೆದುಕೊಳ್ಳುತ್ತಾರೆ ಎಂಬ ಭಯ ಇದೆ, ಗೊತ್ತು. ಮುಚ್ಚಿಟ್ಟರೂ ಅವರು ಹೊಡೆಸುತ್ತಾರೆ, ಕಣ್ಣು ಮುಚ್ಚಿಕೊಂಡು ಹೊಡೆಸುತ್ತಾರೆ.

ಮೂರನೇ ಬೋರನ್ನು ಹಳ್ಳದ ಕಡೆಯ ಬದುವಿನಲ್ಲಿ ಹೊಡೆಸಿದೆವು. 85 ಅಡಿ ಕೇಸಿಂಗ್. 92ಕ್ಕೆ ಧೂಳು ಹಸಿಯಾಯಿತು, 110ಕ್ಕೆ ನೀರು ಬಿತ್ತು. 210ಕ್ಕೆ ನಿಲ್ಲಿಸಿದೆವು. ಏಪ್ರಿಲ್ ಬಂದರೆ ಅರ್ಧ ಇಂಚಿಗೆ ಇಳಿಯುತ್ತದೆ, ಅದೂ ಬರೆದಿದ್ದೇನೆ. ಪ್ರತಿ ಹತ್ತಡಿಯ ಹುಡಿಯನ್ನು ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಅಡಿ ಬರೆದು, ಕಾಕಾನ ಪಡಸಾಲೆಯಲ್ಲಿ ಸಾಲಾಗಿ ಇಟ್ಟು ಬಂದೆ. ಒಟ್ಟು ಇಪ್ಪತ್ತೊಂದು ಚೀಲ. ದೀಪಾವಳಿಗೆ ಹೋದಾಗ ನೋಡಿದರೆ ಹದಿನೆಂಟೇ ಇದ್ದವು. ಕಾಕಿಯನ್ನು ಕೇಳಿದೆ. ಬಾಗಿಲ ಮುಂದೆ ಮಳೆಗೆ ಗುಂಡಿ ಬಿದ್ದಿತ್ತಂತೆ, ಸಣ್ಣಗೆ ಚೆಂದ ಇತ್ತು ಎಂದು ಸುರಿದಳಂತೆ. 150ರಿಂದ 180 ಅಡಿ ತನಕ ನಮ್ಮ ಲೆಕ್ಕ ಈಗ ಅಂಗಳದಲ್ಲಿದೆ.